ಯಂತ್ರ ಯಾವಾಗ ಬಾಯಿ ತೆರೆಯಬೇಕು?

ಹಾಸನ: ಅರಕಲಗೂಡು ತಾಲ್ಲೂಕಿನ ಸಣ್ಣ ಹಿಡುವಳಿದಾರರೊಬ್ಬರು ಪಿಎಂ-ಕಿಸಾನ್ ಕಂತಿನ ಹಣ ಬಂದಿದೆಯೇ ಎಂದು ತಿಳಿಯಲು ಮಗನ ಮೊಬೈಲಿನಲ್ಲಿ ಯೋಜನೆಯ ವೆಬ್‌ಸೈಟ್ ತೆರೆದರೆಂದು ಭಾವಿಸಬಹುದು. ನೋಂದಣಿ ಸಂಖ್ಯೆ ನಮೂದಿಸಿ, ಓಟಿಪಿಗೆ ಕಾದು, ಫಲಾನುಭವಿಯ ಸ್ಥಿತಿ ತೋರಿಸುವ ಪುಟವನ್ನು ತಲುಪುವ ಹೊತ್ತಿಗೆ ಐದಾರು ನಿಮಿಷಗಳು ಕಳೆದಿರುತ್ತವೆ. ಅಲ್ಲಿ ಮುಖ್ಯವಾಗಿ ಮೂರು ಸಂಗತಿಗಳು ಕಾಣುತ್ತವೆ: ಜಮೀನಿನ ದಾಖಲೆ ಜೋಡಣೆಯಾಗಿದೆಯೇ, ಇ-ಕೆವೈಸಿ ಮುಗಿದಿದೆಯೇ, ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಲಾಗಿದೆಯೇ. ಈ ಮೂರರಲ್ಲಿ ಯಾವುದಾದರೊಂದರ ಮುಂದೆ 'ಇಲ್ಲ' ಎಂದಿದ್ದರೆ ಕಂತಿಗೆ ತಡೆ ಬಿದ್ದಿದೆ ಎಂದೇ ತಿಳಿಯಬೇಕು. ಹಾಗಾದರೆ ಹೋಗಬೇಕಾದದ್ದು ನಾಡಕಚೇರಿಗೋ, ರೈತ ಸಂಪರ್ಕ ಕೇಂದ್ರಕ್ಕೋ, ಬ್ಯಾಂಕಿಗೋ? ಒಯ್ಯಬೇಕಾದ ಕಾಗದ ಯಾವುದು? ಈ ಪ್ರಶ್ನೆಗಳು ಹುಟ್ಟುವುದು ಆ 'ಇಲ್ಲ' ಕಣ್ಣಿಗೆ ಬಿದ್ದ ಗಳಿಗೆಯಲ್ಲಿ, ಅದಕ್ಕೆ ಮೊದಲಲ್ಲ.

ವೆಬ್‌ಸೈಟುಗಳಲ್ಲಿ ಗ್ರಾಹಕರೊಡನೆ ಮಾತನಾಡಲೆಂದು ಕೂರಿಸಲಾಗುವ ಚಾಟ್‌ಬಾಟ್ ಎಂಬ ಸಂವಾದ ಯಂತ್ರ ಬಾಯಿ ತೆರೆಯಬೇಕಾದದ್ದು ಇಂಥ ಗಳಿಗೆಯಲ್ಲಿ. ಆದರೆ ಅನೇಕ ವೆಬ್‌ಸೈಟುಗಳಲ್ಲಿ ಅದು ಮಾತು ಆರಂಭಿಸುವುದು ಪುಟ ತೆರೆದ ಮೂರನೆಯದೋ ಐದನೆಯದೋ ಸೆಕೆಂಡಿಗೆ. 'ನಮಸ್ಕಾರ, ನಾನು ನಿಮಗೆ ಹೇಗೆ ನೆರವಾಗಲಿ?' ಎಂದು ಅದು ಕೇಳುವಾಗ ಓದುಗ ಪುಟದ ಮೊದಲ ಸಾಲನ್ನೂ ಓದಿ ಮುಗಿಸಿರುವುದಿಲ್ಲ. ತನಗೆ ನೆರವು ಬೇಕಾಗುತ್ತದೆಯೋ ಇಲ್ಲವೋ ಎಂಬುದೇ ಅವನಿಗೆ ಇನ್ನೂ ತಿಳಿದಿರುವುದಿಲ್ಲ. ಆತ ಮಾಡುವ ಕೆಲಸ ಒಂದೇ, ಮೂಲೆಯಲ್ಲಿರುವ ಸಣ್ಣ ಅಡ್ಡಗೆರೆಗಳನ್ನು ಹುಡುಕಿ ಒತ್ತಿ ಆ ಚೌಕವನ್ನು ಮುಚ್ಚುವುದು. ಐದು ನಿಮಿಷಗಳ ಬಳಿಕ ನಿಜವಾಗಿ ನೆರವು ಬೇಕಾದಾಗ ಯಂತ್ರ ಮೌನವಾಗಿರುತ್ತದೆ. ಮುಚ್ಚಿದವನು ತಾನೇ ಎಂಬುದು ಆತನಿಗೆ ನೆನಪಿರುವುದೂ ಇಲ್ಲ.

ಮೇಲ್ನೋಟಕ್ಕೆ ಇದು ತಂತ್ರಜ್ಞರು ಕೂತು ತೀರ್ಮಾನಿಸುವ ಸಣ್ಣ ವಿಷಯದಂತೆ ತೋರಬಹುದು. ಆದರೆ ರೈಲ್ವೆಯ ಐಆರ್‌ಸಿಟಿಸಿ 2018ರಲ್ಲಿ 'ಆಸ್ಕ್ ದಿಶಾ' ಆರಂಭಿಸಿದಂದಿನಿಂದ ಸಾರ್ವಜನಿಕ ಸೇವೆಗಳಲ್ಲಿ ಇಂಥ ಯಂತ್ರಗಳ ಬಳಕೆ ಒಂದೇ ಸಮನೆ ಏರಿದೆ. ಬ್ಯಾಂಕುಗಳು ಅದೇ ಹಾದಿಯಲ್ಲಿ ನಡೆದವು. 2020ರ ಮಾರ್ಚ್‌ನಲ್ಲಿ ಕೊರೊನಾ ಮಾಹಿತಿಗೆಂದು ಕೇಂದ್ರ ಸರ್ಕಾರ ವಾಟ್ಸ್‌ಆ್ಯಪ್ ಸಹಾಯವಾಣಿ ತೆರೆಯಿತು. ಪಿಎಂ-ಕಿಸಾನ್ ರೈತರಿಗಾಗಿ 2023ರ ಸೆಪ್ಟೆಂಬರ್‌ನಲ್ಲಿ 'ಕಿಸಾನ್ ಇ-ಮಿತ್ರ' ಬಂದಿತು. ಅಲ್ಪಸ್ವಲ್ಪ ಖರ್ಚಿನಲ್ಲಿ ದೊರೆಯುವ ಸಿದ್ಧ ತಂತ್ರಾಂಶಗಳಿಂದಾಗಿ ಜಿಲ್ಲಾ ಕೇಂದ್ರಗಳ ಖಾಸಗಿ ಆಸ್ಪತ್ರೆ, ಕಾಲೇಜು, ಚಿನ್ನಾಭರಣ ಮಳಿಗೆಗಳ ಪುಟಗಳಲ್ಲೂ ಈಗ ಮೂಲೆಯಲ್ಲೊಂದು ಗುಂಡು ಚಿತ್ರ ಮಿನುಗುವುದು ಸಾಮಾನ್ಯವಾಗಿದೆ. ಅದು ಯಾವಾಗ ಮಾತನಾಡಬೇಕು ಎಂಬುದನ್ನು ಮಾತ್ರ ಯಾರೂ ಕೂತು ಯೋಚಿಸಿದಂತೆ ಕಾಣುವುದಿಲ್ಲ. ತಂತ್ರಾಂಶ ಮಾರಿದವರು ಇಟ್ಟುಕೊಟ್ಟ ಸೆಕೆಂಡುಗಳೇ ಹಾಗೆಯೇ ಉಳಿದಿರುತ್ತವೆ.

ಹಳೆಯ ಪಾಠ

ಯಂತ್ರ ಮೊದಲು ಮಾತನಾಡಬೇಕೋ ಮನುಷ್ಯ ಮೊದಲು ಮಾತನಾಡಬೇಕೋ ಎಂಬ ಚರ್ಚೆ ಹೊಸದಲ್ಲ. ಅಮೆರಿಕದ ಎಂಐಟಿಯಲ್ಲಿ ಜೋಸೆಫ್ ವೈಜೆನ್‌ಬಾಮ್ 1966ರಲ್ಲಿ ಪ್ರಕಟಿಸಿದ 'ಎಲಿಜಾ' ಸಂವಾದ ನಡೆಸಬಲ್ಲ ಮೊದಲ ತಂತ್ರಾಂಶಗಳಲ್ಲೊಂದು. ಎದುರಿಗೆ ಕುಳಿತವರು ಅದರೊಡನೆ ಮಾತನಾಡಬೇಕೆಂದೇ ಬಂದವರು. ಯಾರ ಕೆಲಸಕ್ಕೂ ಅದು ಅಡ್ಡ ಬರುತ್ತಿರಲಿಲ್ಲ. ಮೂರು ದಶಕಗಳ ನಂತರ ಮೈಕ್ರೋಸಾಫ್ಟ್ ತನ್ನ ಆಫೀಸ್ 97 ತಂತ್ರಾಂಶದಲ್ಲಿ 'ಕ್ಲಿಪಿ' ಎಂದೇ ಹೆಸರಾದ ಕಾಗದದ ಕ್ಲಿಪ್ಪಿನ ಬೊಂಬೆಯೊಂದನ್ನು ಕೂರಿಸಿತು. ಬಳಕೆದಾರ ಪತ್ರದ ಒಕ್ಕಣೆಯ ಮೊದಲ ಪದ ಬರೆದೊಡನೆ 'ತಾವು ಪತ್ರ ಬರೆಯುತ್ತಿರುವಂತಿದೆ, ನೆರವು ಬೇಕೇ?' ಎಂದು ಅದು ನಡುವೆ ಬಾಯಿ ಹಾಕುತ್ತಿತ್ತು. ನೂರನೆಯ ಪತ್ರ ಬರೆಯುವವನಿಗೂ ಅದೇ ಪ್ರಶ್ನೆ. ಜನ ರೋಸಿಹೋದರು. 2001ರ ಆವೃತ್ತಿಯಲ್ಲಿ ಕಂಪನಿಯೇ ಅದರ ಬಾಯಿ ಕಟ್ಟಿತು, 2007ರ ಆವೃತ್ತಿಯಲ್ಲಿ ಸಂಪೂರ್ಣವಾಗಿ ಕೈಬಿಟ್ಟಿತು.

ಕ್ಲಿಪಿಯ ಹಿಂದಿನ ಸಂಶೋಧನೆ ಕಳಪೆಯಾಗಿರಲಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಅದೇ ಕಂಪನಿಯ ವಿಜ್ಞಾನಿ ಎರಿಕ್ ಹಾರ್ವಿಟ್ಜ್ ತಂಡ ಬಳಕೆದಾರನ ಪರಿಣತಿ, ಆತ ತಡವರಿಸುವ ರೀತಿ, ಹಿಂದೆ ಮಾಡಿದ ಕೆಲಸ ಇವೆಲ್ಲವನ್ನೂ ಲೆಕ್ಕಕ್ಕೆ ಹಿಡಿದು ನೆರವು ಬೇಕೇ ಬೇಡವೇ ಎಂದು ಅಂದಾಜು ಮಾಡುವ ಮಾದರಿಯನ್ನು ರೂಪಿಸಿತ್ತು. ಮಾರುಕಟ್ಟೆಗೆ ಬಂದ ಸರಕಿನಲ್ಲಿ ಬಳಕೆದಾರನ ಗುರುತನ್ನು ನೆನಪಿಡುವ ಭಾಗವೇ ಉಳಿಯಲಿಲ್ಲ. ಸುಲಭವಾದ ನಿಯಮಗಳಷ್ಟೇ ಉಳಿದವು. 1999ರಲ್ಲಿ ಹಾರ್ವಿಟ್ಜ್ ಮಂಡಿಸಿದ ಪ್ರಬಂಧದ ಸಾರವನ್ನು ಸರಳವಾಗಿ ಹೀಗೆ ಹೇಳಬಹುದು: ಮಾತನಾಡುವುದರಿಂದ ಆಗುವ ಲಾಭ, ಅನಗತ್ಯವಾಗಿ ಅಡ್ಡಿಪಡಿಸುವುದರಿಂದ ಆಗುವ ನಷ್ಟ, ಸುಮ್ಮನಿರುವುದರಿಂದ ಆಗುವ ನಷ್ಟ ಈ ಮೂರನ್ನೂ ಪ್ರತಿ ಗಳಿಗೆಯಲ್ಲೂ ತೂಗಿ ನೋಡಬೇಕು. ಕಾಲು ಶತಮಾನ ಕಳೆದರೂ ಅನೇಕ ಜಾಲತಾಣಗಳು ಈ ತಕ್ಕಡಿಯನ್ನು ಕೈಗೆತ್ತಿಕೊಂಡಿಲ್ಲ, ಗಡಿಯಾರವನ್ನಷ್ಟೇ ನೆಚ್ಚಿಕೊಂಡಿವೆ.

ಮಾತು ಆರಂಭಿಸಲು ಇಂದು ಬಳಕೆಯಲ್ಲಿರುವ ಸೂಚನೆಗಳು ಹಲವು. ಪುಟ ತೆರೆದು ಇಷ್ಟು ಸೆಕೆಂಡು ಆಗಿದೆಯೇ, ಓದುಗ ಪುಟದ ಅರ್ಧದಷ್ಟು ಕೆಳಗೆ ಇಳಿದಿದ್ದಾನೆಯೇ, ಮೌಸಿನ ಬಾಣ ಪುಟ ಮುಚ್ಚುವ ಗುರುತಿನತ್ತ ಹೊರಟಿದೆಯೇ ಎಂಬುವು ಮಾರಾಟಗಾರರಿಗೆ ಪ್ರಿಯವಾದವು. ಮೂರನೆಯದಂತೂ ಬಸ್ ನಿಲ್ದಾಣದಲ್ಲಿ ಹೊರಟ ಗಿರಾಕಿಯ ಕೈ ಹಿಡಿದೆಳೆಯುವ ಪರಿ. ಮೊಬೈಲಿನಲ್ಲಿ ಮೌಸೇ ಇಲ್ಲದಿರುವುದರಿಂದ ಆ ಲೆಕ್ಕ ಅಲ್ಲಿ ನಡೆಯದು, ಅದೊಂದು ಸಮಾಧಾನ. ಇವುಗಳಲ್ಲಿ ಯಾವುದೂ ಓದುಗನಿಗೆ ತೊಂದರೆಯಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಅರ್ಜಿಯ ಒಂದೇ ಅಂಕಣದಲ್ಲಿ ಎರಡು ಬಾರಿ ತಪ್ಪು ಎಂಬ ಕೆಂಪಕ್ಷರ ಬಂದಿರುವುದು, ಒಂದೇ ದಿನ ಮೂರು ಬಾರಿ ಅದೇ ಪುಟಕ್ಕೆ ಮರಳಿರುವುದು, ಹಣ ಕಡಿತವಾದರೂ ರಸೀದಿ ಬಾರದಿರುವುದು, ಸ್ಥಿತಿ ನೋಡಿದಾಗ 'ಇಲ್ಲ' ಎಂದು ಬಂದಿರುವುದು ಇವು ನಿಜವಾದ ಸಾಕ್ಷಿಗಳು. ಇವನ್ನು ಗುರುತಿಸಲು ದೊಡ್ಡ ಕೃತಕ ಬುದ್ಧಿಮತ್ತೆಯೇನೂ ಬೇಡ. ಆ ಪುಟವನ್ನು ರಚಿಸಿದ ಇಲಾಖೆಗೆ ಜನ ಎಲ್ಲಿ ಎಡವುತ್ತಾರೆ ಎಂಬುದು ಗೊತ್ತಿದ್ದರೆ ಸಾಕು.

ಹೊಳೆನರಸೀಪುರದ ಪದವಿ ವಿದ್ಯಾರ್ಥಿಯೊಬ್ಬ ಪರೀಕ್ಷಾ ಶುಲ್ಕ ಕಟ್ಟುವಾಗ ಬ್ಯಾಂಕಿನ ಓಟಿಪಿ ಬರೆಯುತ್ತಿರುವ ಅರ್ಧ ನಿಮಿಷದಲ್ಲಿ ಯಾವ ಯಂತ್ರವೂ ತುಟಿ ಪಿಟಕ್ಕೆನ್ನಬಾರದು. ಹಣ ಹೋಗಿ ರಸೀದಿ ಬಾರದಿದ್ದರೆ ಮಾತ್ರ ಒಂದು ಸೆಕೆಂಡೂ ತಡಮಾಡಬಾರದು. ಒಂದೇ ಪುಟ, ಒಂದೇ ಓದುಗ. ನಡುವಿನ ಅಂತರ ಒಂದು ನಿಮಿಷಕ್ಕೂ ಕಡಿಮೆ.

ಕೀಲಿಮಣೆಯ ಮುಂದೆ ಇರುವವರು ಯಾರು?

ಬೆಂಗಳೂರಿನಲ್ಲಿ ಕುಳಿತು ತಂತ್ರಾಂಶ ಬರೆಯುವವರ ಕಲ್ಪನೆಯ ಬಳಕೆದಾರ ಒಬ್ಬನೇ ಇರುತ್ತಾನೆ, ಆತನ ಕೈಯಲ್ಲಿ ಆತನದೇ ಫೋನು ಇರುತ್ತದೆ. ಚನ್ನರಾಯಪಟ್ಟಣ ಅಥವಾ ಅರಕಲಗೂಡಿನ ಸ್ಥಿತಿ ಹಾಗಿಲ್ಲ. ಅರ್ಜಿ ತುಂಬುವವರು ಬಹಳ ಸಲ ಗ್ರಾಮ ಒನ್ ಕೇಂದ್ರದ ನಿರ್ವಾಹಕರು, ಸೈಬರ್ ಅಂಗಡಿಯವರು, ಇಲ್ಲವೇ ಊರಿನಲ್ಲಿರುವ ತಂದೆಯ ಪರವಾಗಿ ಬೆಂಗಳೂರಿನಿಂದ ವಿವರ ತುಂಬುವ ಮಗಳು. ದಿನಕ್ಕೆ ಹತ್ತಾರು ಅರ್ಜಿ ತುಂಬುವ ನಿರ್ವಾಹಕರಿಗೆ ಪ್ರತಿ ಬಾರಿಯೂ ಸ್ವಾಗತ ಕೋರುವ ಯಂತ್ರ ಬರಿಯ ಕಿರಿಕಿರಿ. ಹೊರಗೆ ಸಾಲಿನಲ್ಲಿ ನಿಂತವರ ಕಾಲವನ್ನೂ ಅದು ತಿನ್ನುತ್ತದೆ.

ಇದಕ್ಕೆ ತಂತ್ರಜ್ಞರು ಹೇಳುವ ಪರಿಹಾರ, ಒಮ್ಮೆ ಮುಚ್ಚಿದವರಿಗೆ ಮತ್ತೆ ತೋರಿಸದಂತೆ ಬ್ರೌಸರಿನಲ್ಲಿ ಗುರುತು ಇಟ್ಟುಕೊಳ್ಳುವುದು. ವೈಯಕ್ತಿಕ ಫೋನಿನಲ್ಲಿ ಇದು ಸರಿ. ಹತ್ತು ಜನ ಬಳಸುವ ಕೇಂದ್ರದ ಕಂಪ್ಯೂಟರಿನಲ್ಲಿ ಬೆಳಿಗ್ಗೆ ಒಬ್ಬರು ಮುಚ್ಚಿದರೆ ಸಂಜೆ ಬಂದ ಇನ್ನೊಬ್ಬರಿಗೂ ನೆರವಿನ ಬಾಗಿಲು ಮುಚ್ಚಿದಂತೆಯೇ. ಹೀಗಾಗಿ ಯಂತ್ರದ ನೆನಪು ಕಂಪ್ಯೂಟರಿಗೆ ಅಂಟಿಕೊಳ್ಳದೆ ತುಂಬುತ್ತಿರುವ ಅರ್ಜಿಗೆ ಅಂಟಿಕೊಳ್ಳಬೇಕು. ಹೊಸ ಅರ್ಜಿ, ಹೊಸ ಲೆಕ್ಕ.

ಕಾಲಮಿತಿಯ ವಿಷಯವೂ ಅಷ್ಟೇ. ಅರವತ್ತು ದಾಟಿದವರೊಬ್ಬರು ಖಾತೆ ಸಂಖ್ಯೆಯನ್ನು ಪಾಸ್‌ಬುಕ್ಕಿನಿಂದ ಒಂದೊಂದೇ ಅಂಕಿಯಾಗಿ ನೋಡಿ ಬರೆಯಲು ಎರಡು ನಿಮಿಷ ತೆಗೆದುಕೊಂಡರೆ ಅವರು ಸಿಕ್ಕಿಹಾಕಿಕೊಂಡಿದ್ದಾರೆ ಎಂದರ್ಥವಲ್ಲ, ನಿಧಾನವಾಗಿ ಸರಿಯಾಗಿ ಬರೆಯುತ್ತಿದ್ದಾರೆ ಎಂದರ್ಥ. ಆಗ ಯಂತ್ರ ಧುತ್ತೆಂದು ಎದುರಾದರೆ ಬರೆದ ಅಂಕಿಯ ಲೆಕ್ಕ ತಪ್ಪುತ್ತದೆ. ಆರು ಅಂಗುಲದ ಪರದೆಯ ಅರ್ಧವನ್ನು ಕೀಲಿಮಣೆಯೇ ಆಕ್ರಮಿಸಿರುವಾಗ ಉಳಿದರ್ಧವನ್ನು ಸಂವಾದ ಚೌಕ ನುಂಗಿದರೆ ಅರ್ಜಿ ಸಲ್ಲಿಸುವ ಗುಂಡಿಯೇ ಕಾಣದು. ಮೊಬೈಲಿನಲ್ಲಿ ಪುಟವನ್ನು ಮುಚ್ಚುವಂಥ ಚೌಕಗಳನ್ನು ಹೇರುವ ಜಾಲತಾಣಗಳಿಗೆ ಹುಡುಕಾಟದ ಫಲಿತಾಂಶದಲ್ಲಿ ಹಿನ್ನಡೆಯಾಗಬಹುದೆಂದು ಗೂಗಲ್ 2017ರ ಜನವರಿಯಿಂದಲೇ ನಿಯಮ ತಂದದ್ದು ಇಂಥ ಕಾರಣಕ್ಕೆ.

ಹಾಗೆಂದು ಯಂತ್ರ ಎಂದೂ ತಾನಾಗಿ ಮಾತನಾಡಬಾರದು, ಮೂಲೆಯಲ್ಲಿ ಸುಮ್ಮನೆ ಕೂತಿರಬೇಕು ಎಂಬ ವಾದವನ್ನೂ ಪೂರ್ತಿಯಾಗಿ ಒಪ್ಪುವಂತಿಲ್ಲ. ಮಿನುಗುವ ಗುಂಡು ಚಿತ್ರವನ್ನು ಒತ್ತಿದರೆ ನೆರವು ಸಿಗುತ್ತದೆ ಎಂದು ತಿಳಿದವರಿಗೆ ಹೆಚ್ಚು ನೆರವು ಬೇಕಿರುವುದಿಲ್ಲ. ಬೇಕಿರುವವರು ಅದನ್ನು ಜಾಹೀರಾತೆಂದೇ ಭಾವಿಸಿ ಮುಟ್ಟುವುದಿಲ್ಲ. ವಾಟ್ಸ್‌ಆ್ಯಪ್ ಈ ವಿಷಯದಲ್ಲಿ ಒಂದು ಮಧ್ಯಮ ದಾರಿ ಹಿಡಿದಿದೆ. ಅಲ್ಲಿ ಬಳಕೆದಾರ ಸಂದೇಶ ಕಳುಹಿಸಿದ 24 ಗಂಟೆಗಳವರೆಗೆ ಮಾತ್ರ ಸಂಸ್ಥೆ ಮುಕ್ತವಾಗಿ ಉತ್ತರಿಸಬಹುದು. ತಾನಾಗಿ ಮೊದಲು ಮಾತನಾಡಬೇಕೆಂದರೆ ಬಳಕೆದಾರನ ಒಪ್ಪಿಗೆ ಇರಬೇಕು, ಮುಂಚಿತವಾಗಿ ಅನುಮೋದನೆ ಪಡೆದ ಒಕ್ಕಣೆಯನ್ನಷ್ಟೇ ಕಳುಹಿಸಬೇಕು. ವೆಬ್‌ಸೈಟಿಗೆ ಇಂಥ ಯಾವ ಕಟ್ಟುಪಾಡೂ ಇಲ್ಲ. ಅದರ ಒಡೆಯನ ವಿವೇಕವೇ ಕಟ್ಟುಪಾಡು.

ಆತಂಕದ ಆ ದಿನಗಳು

ಹೊತ್ತು ತಪ್ಪಿದ ಮಾತು ಬರಿಯ ಕಿರಿಕಿರಿಗೆ ನಿಲ್ಲದ ಸಂದರ್ಭಗಳೂ ಇವೆ. 2025ರ ಜೂನ್ ಮತ್ತು ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನಗಳ ಅವಧಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹಠಾತ್ ಹೃದಯಾಘಾತದಿಂದ ಮೃತಪಟ್ಟರೆಂಬ ವರದಿಗಳು ರಾಜ್ಯವನ್ನೇ ಕಂಗೆಡಿಸಿದ್ದವು. ಮೃತರಲ್ಲಿ ಕಿರಿಯ ವಯಸ್ಸಿನವರೂ ಇದ್ದುದರಿಂದ ಆತಂಕ ಇಮ್ಮಡಿಸಿತು. ಮೈಸೂರು ಮತ್ತು ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಬಂದವರ ಸಾಲು ಬೆಳೆಯಿತು. ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ಸರ್ಕಾರ ರಚಿಸಿದ ತಜ್ಞರ ಸಮಿತಿಯು ಸಾವುಗಳಲ್ಲಿ ಅಸಹಜ ಏರಿಕೆ ಕಂಡುಬಂದಿಲ್ಲ ಎಂದು ವರದಿ ನೀಡಿತು. ಆ ವರದಿ ಬರುವವರೆಗೆ ಜನ ಉತ್ತರಕ್ಕಾಗಿ ಫೋನಿನಲ್ಲಿ ಹುಡುಕಾಡಿದ್ದು ಸಹಜವೇ.

ಅಂಥ ದಿನಗಳಲ್ಲಿ ಆಸ್ಪತ್ರೆಯೊಂದರ ಪುಟವನ್ನು ರಾತ್ರಿ ಹನ್ನೊಂದಕ್ಕೆ ತೆರೆಯುವವರು ಎರಡು ಬಗೆಯವರು. ಒಬ್ಬರಿಗೆ ಸುದ್ದಿ ಓದಿ ಭಯವಾಗಿದೆ, ಇನ್ನೊಬ್ಬರಿಗೆ ನಿಜವಾಗಿಯೂ ಎದೆ ನೋಯುತ್ತಿದೆ. ಯಂತ್ರಕ್ಕೆ ಇವರಿಬ್ಬರ ನಡುವಿನ ಭೇದ ತಿಳಿಯದು. 'ಸ್ವಾಗತ, ಮೊದಲು ನಿಮ್ಮ ಹೆಸರು ಮತ್ತು ಮೊಬೈಲ್ ಸಂಖ್ಯೆ ನೀಡಿ' ಎಂದು ಅದು ಆರಂಭಿಸಿದರೆ ಎರಡನೆಯವರ ಪಾಲಿಗೆ ಅಮೂಲ್ಯವಾದ ನಿಮಿಷಗಳು ವ್ಯರ್ಥವಾಗುತ್ತವೆ. ಹೃದಯದ ವಿಷಯದಲ್ಲಿ ವೈದ್ಯರು ನಿಮಿಷಗಳನ್ನೇ ಎಣಿಸುತ್ತಾರೆ. ಇಂಥ ಪುಟದಲ್ಲಿ 108 ಆಂಬುಲೆನ್ಸ್ ಸಂಖ್ಯೆ ಸಂವಾದದ ಮೂರನೆಯ ಉತ್ತರದಲ್ಲಿ ಇರಬಾರದು. ಯಂತ್ರ ಬಾಯಿ ತೆರೆಯುವ ಮೊದಲೇ, ಒತ್ತಿದರೆ ಕರೆ ಹೋಗುವಂತೆ, ಪುಟದ ನೆತ್ತಿಯ ಮೇಲೆ ಇರಬೇಕು. ಎದೆನೋವು ಎಂಬ ಪದ ಬರೆದ ಕೂಡಲೇ ಯಂತ್ರ ಇನ್ನಾವ ಪ್ರಶ್ನೆಯನ್ನೂ ಕೇಳದೆ ಆ ಸಂಖ್ಯೆಯನ್ನು ತೋರಿಸಿ ಪಕ್ಕಕ್ಕೆ ಸರಿಯಬೇಕು. ಯಾವಾಗ ಮಾತು ನಿಲ್ಲಿಸಬೇಕು ಎಂಬುದೂ ಯಾವಾಗ ಆರಂಭಿಸಬೇಕು ಎಂಬ ಪ್ರಶ್ನೆಯ ಇನ್ನೊಂದು ಮುಖ.

ಸಂವಾದವೇ ಬೇಕಿಲ್ಲದ ಸಂದರ್ಭಗಳೂ ಉಂಟು. 2024ರ ಫೆಬ್ರವರಿಯಲ್ಲಿ ಕ್ವಿಂಟಲ್‌ಗೆ 12,000 ರೂಪಾಯಿ ಬೆಂಬಲ ಬೆಲೆಯಲ್ಲಿ ಉಂಡೆ ಕೊಬ್ಬರಿ ಖರೀದಿಗೆ ನೋಂದಣಿ ನಡೆದಾಗ ಚನ್ನರಾಯಪಟ್ಟಣ, ಅರಸೀಕೆರೆ, ತಿಪಟೂರು ಭಾಗದ ರೈತರು ಹಗಲು ರಾತ್ರಿ ಸಾಲು ನಿಂತಿದ್ದರು. ಅಕ್ರಮದ ದೂರುಗಳು ಬಂದು ಆ ನೋಂದಣಿಯೇ ರದ್ದಾಗಿ ಮಾರ್ಚ್‌ನಲ್ಲಿ ಮತ್ತೆ ಹೊಸದಾಗಿ ನಡೆಯಿತು. ಆ ಕೆಲವು ವಾರ ಪ್ರತಿಯೊಬ್ಬ ತೆಂಗು ಬೆಳೆಗಾರನ ಪ್ರಶ್ನೆ ಒಂದೇ: ಮೊದಲು ಮಾಡಿಸಿದ ನೋಂದಣಿ ಊರ್ಜಿತವೋ ಅಲ್ಲವೋ? ಸಾವಿರಾರು ಮಂದಿಗೆ ಒಂದೇ ಪ್ರಶ್ನೆ ಇದ್ದಾಗ ಸಾವಿರಾರು ಸಂವಾದ ನಡೆಸುವುದು ಬುದ್ಧಿವಂತಿಕೆಯಲ್ಲ. ಪುಟದ ಮೇಲ್ಭಾಗದಲ್ಲಿ ದಪ್ಪಕ್ಷರದ ಒಂದು ಸಾಲು ಸಾಕು. ಹಾಸನಾಂಬೆಯ ಬಾಗಿಲು ತೆರೆಯುವ ವರ್ಷದ ಎರಡು ವಾರಗಳ ಕಥೆಯೂ ಇದೇ. 2025ರಲ್ಲಿ 26 ಲಕ್ಷಕ್ಕೂ ಹೆಚ್ಚು ಭಕ್ತರು ಬಂದರು. ಅವರಲ್ಲಿ ಬಹುಪಾಲು ಮಂದಿ ಮನೆ ಬಿಡುವ ಮುನ್ನ ತಿಳಿಯಬಯಸುವುದು ಧರ್ಮದರ್ಶನದ ಸಾಲಿಗೆ ಈಗ ಎಷ್ಟು ಗಂಟೆ ಹಿಡಿಯುತ್ತದೆ ಎಂಬುದನ್ನು. ಅದನ್ನು ಹೇಳಲು ಯಂತ್ರ ಕೈ ಜೋಡಿಸಿ ನಮಸ್ಕರಿಸಬೇಕಾಗಿಲ್ಲ. ಕೆಟ್ಟ ಪುಟದ ಕೊರತೆಯನ್ನು ಮುಚ್ಚಲು ಚಾಟ್‌ಬಾಟ್ ಕೂರಿಸುವ ಚಾಳಿ ಈಚೆಗೆ ಬೆಳೆಯುತ್ತಿದೆ ಎಂಬ ಟೀಕೆಯಲ್ಲಿ ಹುರುಳಿದೆ.

ಯಂತ್ರಗಳು ಹೊತ್ತಿಗೆ ಮೊದಲೇ ಬಾಯಿ ತೆರೆಯಲು ಇನ್ನೊಂದು ಕಾರಣ ಲೆಕ್ಕ ಇಡುವ ರೀತಿ. ಎಷ್ಟು ಸಂವಾದ ನಡೆದವು, ಎಷ್ಟು ಪ್ರಶ್ನೆಗಳಿಗೆ ಉತ್ತರ ನೀಡಲಾಯಿತು ಎಂಬ ಅಂಕಿಗಳೇ ಪ್ರಕಟಣೆಗಳಲ್ಲಿ ಮೆರೆಯುತ್ತವೆ. ಐದನೆಯ ಸೆಕೆಂಡಿಗೆ ಎಲ್ಲರನ್ನೂ ಮಾತಿಗೆಳೆದರೆ ಈ ಅಂಕಿ ಏರುವುದು ಖಚಿತ. ಕಂತು ನಿಂತಿದ್ದ ಎಷ್ಟು ರೈತರು ಯಂತ್ರದೊಡನೆ ಮಾತನಾಡಿದ ನಂತರ ದಾಖಲೆ ಸರಿಪಡಿಸಿಕೊಂಡು ಹಣ ಪಡೆದರು ಎಂಬ ಲೆಕ್ಕ ಇಟ್ಟರೆ ಆರಂಭದ ಹೊತ್ತು ತಾನಾಗಿಯೇ ಬದಲಾಗುತ್ತದೆ. ಕಿಸಾನ್ ಇ-ಮಿತ್ರದ ಭಾಷೆಗಳಲ್ಲಿ ಕನ್ನಡವೂ ಇರುವುದು ಸ್ವಾಗತಾರ್ಹ. ಆದರೆ 'ಕಂತು ಜಮೆಯಾಗಿಲ್ಲ' ಎಂಬ ಕಚೇರಿಯ ಕನ್ನಡವಷ್ಟೇ ಅಲ್ಲ, 'ದುಡ್ಡು ಬಿದ್ದಿಲ್ಲ' ಎಂಬ ಅರಕಲಗೂಡಿನ ಕನ್ನಡವೂ ಇಂಥ ಯಂತ್ರಗಳಿಗೆ ಅರ್ಥವಾಗಬೇಕು. ಹಾಗಲ್ಲದಿದ್ದರೆ ಸರಿಯಾದ ಹೊತ್ತಿಗೆ ಆರಂಭವಾದ ಮಾತೂ ಎರಡನೆಯ ಸಾಲಿಗೇ ಮುರಿದು ಬೀಳುತ್ತದೆ.

ಕಾನೂನು ಈ ದಿಕ್ಕಿನಲ್ಲಿ ಒಂದೆರಡು ಹೆಜ್ಜೆ ಇಟ್ಟಿದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ವಿನ್ಯಾಸಗಳನ್ನು ಪಟ್ಟಿ ಮಾಡಲಾಗಿದೆ. ಲಾಭಕ್ಕಾಗಿ ಪದೇ ಪದೇ ಅಡ್ಡಿಪಡಿಸಿ ಪೀಡಿಸುವುದೂ, ಇಲ್ಲದ ಅವಸರ ಹುಟ್ಟಿಸುವುದೂ ಆ ಪಟ್ಟಿಯಲ್ಲಿವೆ. ಉತ್ತರ ಕೊಡುವ ಮೊದಲೇ ಹೆಸರು, ಮೊಬೈಲ್ ಸಂಖ್ಯೆ ಕೇಳುವ ಯಂತ್ರಗಳು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೂ ಉತ್ತರ ಹೇಳಬೇಕಾದ ದಿನ ದೂರವಿಲ್ಲ; ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತ ಹಂತವಾಗಿ ಜಾರಿಗೆ ಬರಲಿವೆ. ಆದರೆ ಇವೆರಡೂ ತಪ್ಪು ಹೊತ್ತಿನ ಮಾತನ್ನು ತಡೆಯಬಲ್ಲವೇ ಹೊರತು ಸರಿಯಾದ ಹೊತ್ತನ್ನು ಗೊತ್ತುಮಾಡಲಾರವು.

ಅದನ್ನು ಗೊತ್ತುಮಾಡಬೇಕಾದ ಜಾಗ ಖರೀದಿಯ ಟೆಂಡರ್ ಪತ್ರ. ಎಷ್ಟು ಭಾಷೆ, ಎಷ್ಟು ಸರ್ವರ್, ಎಷ್ಟು ದಿನದೊಳಗೆ ಸಿದ್ಧ ಎಂದು ಕೇಳುವ ಇಲಾಖೆಗಳು ಯಂತ್ರ ಯಾವ ಪುಟದಲ್ಲಿ, ಯಾವ ತಪ್ಪಿನ ನಂತರ, ಯಾವ ಮಾತಿನಿಂದ ಆರಂಭಿಸಬೇಕು ಎಂಬುದನ್ನೂ ಅದರಲ್ಲಿಯೇ ಬರೆಯಬಹುದು. ಬರೆಯಲು ಬೇಕಾದ ಮಾಹಿತಿ ಬೆಂಗಳೂರಿನಲ್ಲಿಲ್ಲ. ಯಾವ ಅಂಕಣದಲ್ಲಿ ಯಾರು ಎಡವುತ್ತಾರೆ ಎಂಬುದು ಹೊಳೆನರಸೀಪುರದ ಗ್ರಾಮ ಒನ್ ನಿರ್ವಾಹಕರಿಗೆ, ಅರಕಲಗೂಡಿನ ರೈತ ಸಂಪರ್ಕ ಕೇಂದ್ರದ ಸಿಬ್ಬಂದಿಗೆ, ಚನ್ನರಾಯಪಟ್ಟಣದ ಖರೀದಿ ಕೇಂದ್ರದಲ್ಲಿ ಕಾಗದ ನೋಡುವವರಿಗೆ ಬಾಯಿಪಾಠವಾಗಿದೆ. ಟೆಂಡರ್ ಕರೆಯುವ ಮುನ್ನ ಅವರನ್ನು ಒಂದು ದಿನ ಕೂರಿಸಿಕೊಂಡು ಕೇಳುವುದಕ್ಕೆ ಪ್ರತ್ಯೇಕ ಅನುದಾನವೇನೂ ಬೇಕಾಗುವುದಿಲ್ಲ.